ನೆರಳಿಗೆ ಕಟ್ಟಿದ ಹಸು

ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ ದನ ಸಾಕಿದವರನ್ನು ಲಂಟಾನ ಗಿಡದ ಬಗ್ಗೆ ಕೇಳಿ ನೋಡಿ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ, ಬೇರೇನೂ ಸಿಗದೆ ಹಸು ಆ ಸೊಪ್ಪಿಗೆ ಬಾಯಿ ಹಾಕಿದರೆ ಮನೆಯವರಿಗೆ ದಿಗಿಲು. ಒಂದೆರಡು ದಿನದಲ್ಲಿ ಹಸು ಮೇವು ಬಿಡುತ್ತದೆ, ಕಣ್ಣು ಹಳದಿಗಟ್ಟುತ್ತದೆ. ಆಮೇಲೆ ಮೂತಿ, ಕಿವಿ, ಕೆಚ್ಚಲಿನ ಚರ್ಮ ಬೆಂದಂತಾಗಿ ಸುಲಿಯುತ್ತದೆ. ತಿಳಿದವರು ಮೊದಲು ಮಾಡುವ ಕೆಲಸವೆಂದರೆ ಹಸುವನ್ನು ಬಿಸಿಲಿನಿಂದ ಎಬ್ಬಿಸಿ ತಂದು ನೆರಳಿಗೆ ಕಟ್ಟುವುದು.

ಇಲ್ಲೊಂದು ಒಗಟಿದೆ. ಈ ಹಸು ಕರುವಾಗಿದ್ದಾಗಿನಿಂದ ಬಿಸಿಲಲ್ಲೇ ಮೇಯ್ದದ್ದು. ಆಗೆಲ್ಲ ಸುಡದ ಬಿಸಿಲು ಈಗೇಕೆ ಸುಟ್ಟಿತು? ತಿಂದ ಸೊಪ್ಪು ಹೊಟ್ಟೆಯಲ್ಲಿದೆ, ಬೆಂದದ್ದು ಚರ್ಮ. ಕಪ್ಪುಬಿಳುಪಿನ ಹಸುವಾದರಂತೂ ಇನ್ನೂ ವಿಚಿತ್ರ: ಬಿಳಿ ಮಚ್ಚೆಯಿದ್ದಲ್ಲಿ ಚರ್ಮ ಎದ್ದುಬರುತ್ತದೆ, ಪಕ್ಕದ ಕಪ್ಪು ಜಾಗಕ್ಕೆ ಏನೂ ಆಗಿರುವುದಿಲ್ಲ.

ಈ ಒಗಟನ್ನು ಬಿಡಿಸಿದರೆ ನಾವು ಸೀದಾ ಹೆರಿಗೆ ವೈದ್ಯರ ಕೋಣೆಗೆ ಹೋಗಿ ನಿಲ್ಲುತ್ತೇವೆ. ಹೆಣ್ಣಿನ ಗರ್ಭಕೊರಳಿನಲ್ಲಿ ಕ್ಯಾನ್ಸರ್ ಆಗುವ ಮೊದಲೇ ಕಾಣಿಸಿಕೊಳ್ಳುವ ಕೆಟ್ಟ ಕೋಶಗಳನ್ನು ಕತ್ತರಿಯಿಲ್ಲದೆ, ಬರೀ ಬೆಳಕಿನಿಂದ ಕೊಲ್ಲುವ ಚಿಕಿತ್ಸೆಯೊಂದು ಅಲ್ಲಿ ರೂಪುಗೊಳ್ಳುತ್ತಿದೆ. ಹಸುವಿನ ಚರ್ಮದಲ್ಲಿ ನಡೆದದ್ದೇ ಅಲ್ಲೂ ನಡೆಯುತ್ತದೆ. ಹಸುವಿನಲ್ಲಿ ಅದು ಆಕಸ್ಮಿಕ, ವೈದ್ಯರ ಕೋಣೆಯಲ್ಲಿ ಬೇಕೆಂದೇ ಮಾಡಿದ್ದು.

ಹರಳಿಲ್ಲದ ಉಂಗುರ

ಹಸು ತಿನ್ನುವ ಪ್ರತಿ ಎಲೆಯಲ್ಲೂ ಪತ್ರಹರಿತ್ತು ಇದೆ. ಅದನ್ನು ಒಂದು ಉಂಗುರ ಎಂದುಕೊಳ್ಳಿ. ನಡುವೆ ಹರಳು ಕೂರಿಸಿದಂತೆ ಮೆಗ್ನೀಷಿಯಂನ ಒಂದು ಕಣ ಕೂತಿರುತ್ತದೆ. ಎಲೆಯೊಳಗೆ ಈ ಉಂಗುರ ಬಿಸಿಲನ್ನು ಹಿಡಿದು, ಆ ಶಕ್ತಿಯನ್ನು ಸಕ್ಕರೆ ಮಾಡುವ ಕೆಲಸಕ್ಕೆ ದಾಟಿಸುತ್ತದೆ. ಹಸುವಿನ ಹೊಟ್ಟೆ ಸೇರಿದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳು ಉಂಗುರದ ಹರಳು ಕಳಚುತ್ತವೆ. ಉಳಿಯುವ ಬರಿಯ ಉಂಗುರಕ್ಕೆ ಫಿಲೋಎರಿಥ್ರಿನ್ ಎಂದು ಹೆಸರು. ಯಕೃತ್ತು ಸರಿಯಿದ್ದರೆ ಇದನ್ನು ಪಿತ್ತರಸದ ಜೊತೆ ಹೊರಗೆ ಸಾಗಿಸಿಬಿಡುತ್ತದೆ.

ಲಂಟಾನದ ವಿಷ ಕೆಡಿಸುವುದು ಯಕೃತ್ತನ್ನೇ. ಚರಂಡಿ ಕಟ್ಟಿಕೊಂಡ ಮನೆಯಂತೆ ಬರಿಯ ಉಂಗುರಗಳು ರಕ್ತದಲ್ಲಿ ತುಂಬಿ ಚರ್ಮದವರೆಗೂ ಬರುತ್ತವೆ. ಬೆಳಕು ಹಿಡಿಯುವ ಹುಟ್ಟುಗುಣವನ್ನು ಅವು ಬಿಟ್ಟಿಲ್ಲ. ಆದರೆ ಹಿಡಿದ ಶಕ್ತಿಯನ್ನು ಕೊಡಲು ಇಲ್ಲಿ ಎಲೆಯ ಸಕ್ಕರೆ ಕಾರ್ಖಾನೆಯಿಲ್ಲ. ಪಕ್ಕದಲ್ಲಿ ಸಿಕ್ಕ ಆಮ್ಲಜನಕಕ್ಕೆ ಅದನ್ನು ಕೊಟ್ಟುಬಿಡುತ್ತವೆ. ಕೆರಳಿದ ಆಮ್ಲಜನಕ ಸುತ್ತಲಿನದನ್ನೆಲ್ಲ ಸುಡುತ್ತದೆ. ಕಪ್ಪು ಚರ್ಮದ ಮಸಿ ಬೆಳಕನ್ನು ಒಳಬಿಡದ ಪರದೆಯಾದ್ದರಿಂದ ಅಲ್ಲಿ ಉಂಗುರವಿದ್ದರೂ ಸುಡುವುದಿಲ್ಲ.

ಹಾಗಾಗಿ ಈ ಸುಡುವಿಕೆಗೆ ಮೂರು ಸೇರಬೇಕು: ಬಣ್ಣ, ಬೆಳಕು, ಆಮ್ಲಜನಕ. ಒಂದನ್ನು ತೆಗೆದರೂ ಆಟ ನಿಂತುಹೋಗುತ್ತದೆ. ಹಸುವನ್ನು ನೆರಳಿಗೆ ಕಟ್ಟಿದ ರೈತ ತೆಗೆದದ್ದು ಬೆಳಕನ್ನು.

ಮೋಡ ಕವಿದ ಒಂದು ದಿನ

ಇದೇ ಪಾಠವನ್ನು ವಿಜ್ಞಾನ ಕಲಿತದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. 1897-98ರಲ್ಲಿ ಆಸ್ಕರ್ ರಾಬ್ ಎಂಬ ವೈದ್ಯವಿದ್ಯಾರ್ಥಿ ತನ್ನ ಗುರು ಹರ್ಮನ್ ಫಾನ್ ಟಪ್ಪೈನರ್ ಅವರ ಪ್ರಯೋಗಾಲಯದಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳಿಗೆ ಅಕ್ರಿಡಿನ್ ಎಂಬ ಬಣ್ಣ ಬೆರೆಸಿ, ಅವು ಸಾಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತಿದ್ದ. ಬಣ್ಣ ಅದೇ, ಅಳತೆ ಅದೇ, ಆದರೂ ಒಂದು ದಿನದ ಲೆಕ್ಕ ಇನ್ನೊಂದು ದಿನದ ಲೆಕ್ಕಕ್ಕೆ ತಾಳೆಯಾಗಲಿಲ್ಲ. ಗುಡುಗು ಮಳೆಯ ದಿನ ಜೀವಿಗಳು ಬಹಳ ಹೊತ್ತು ಬದುಕಿದ್ದವು. ಆ ದಿನ ಕೋಣೆಯಲ್ಲಿ ಬೆಳಕು ಕಡಿಮೆಯಿತ್ತು ಎಂಬುದು ಅವನಿಗೆ ಹೊಳೆಯಿತು. ಬಣ್ಣ ಹಾಕಿ ಕತ್ತಲಲ್ಲಿಟ್ಟ, ಬೆಳಕಲ್ಲಿಟ್ಟ, ಬಣ್ಣವಿಲ್ಲದೆಯೂ ಬೆಳಕಲ್ಲಿಟ್ಟ. ಬೇಗ ಸತ್ತದ್ದು ಎರಡೂ ಸೇರಿದ ಕಡೆ. 1900ರಲ್ಲಿ ಇದು ಅಚ್ಚಾಯಿತು. ಇದಕ್ಕೆ ಆಮ್ಲಜನಕವೂ ಬೇಕೆಂದು ಆಮೇಲೆ ತೋರಿಸಿದವರು ಟಪ್ಪೈನರ್. ಈ ಕ್ರಿಯೆಗೆ ‘ಫೋಟೊಡೈನಾಮಿಕ್’ ಎಂಬ ಹೆಸರಿಟ್ಟವರೂ ಅವರೇ. 1903ರ ಹೊತ್ತಿಗಾಗಲೇ ಅವರ ತಂಡ ಇಯೋಸಿನ್ ಎಂಬ ಬಣ್ಣ ಬಳಿದು, ಬೆಳಕು ಹಾಯಿಸಿ, ಚರ್ಮದ ಗೆಡ್ಡೆಗಳಿಗೆ ಚಿಕಿತ್ಸೆ ಮಾಡಿ ನೋಡಿತ್ತು.

ಮನುಷ್ಯನ ಮೈಯಲ್ಲೂ ಲಂಟಾನದ ಹಸುವಿಗಾದದ್ದೇ ಆಗುತ್ತದೆಯೇ? ಜರ್ಮನ್ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಜ್ ಇದನ್ನು ತನ್ನ ಮೇಲೆಯೇ ನೋಡಿಕೊಂಡ. 1912ರಲ್ಲಿ ರಕ್ತದಿಂದ ತೆಗೆದ ಹರಳಿಲ್ಲದ ಉಂಗುರವನ್ನು, ಅಂದರೆ ಹಿಮ್ಯಾಟೊಪಾರ್ಫಿರಿನ್ ಎಂಬ ವಸ್ತುವನ್ನು, 200 ಮಿಲಿಗ್ರಾಂ ಚುಚ್ಚಿಕೊಂಡು ಬಿಸಿಲಿಗೆ ಹೋದ. ಬಿಸಿಲು ತಗುಲಿದ ಮುಖ, ಕೈ ಗುರುತೇ ಸಿಗದಷ್ಟು ಊದಿಕೊಂಡವು. ಮುಂದೆ ವಾರಗಟ್ಟಲೆ ಅವನಿಗೂ ನೆರಳೇ ಗತಿಯಾಯಿತು.

ಬಣ್ಣವನ್ನು ಮೈಗೆಲ್ಲ ಹರಿಸಿದರೆ ಇದೇ ತೊಡಕು. 1970ರ ದಶಕದಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಥಾಮಸ್ ಡೌಘರ್ಟಿ ಈ ವಿದ್ಯೆಯನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಬೆಳೆಸಿದಾಗಲೂ ರೋಗಿಗಳು ವಾರಗಟ್ಟಲೆ ಬಿಸಿಲಿಗೆ ಹೆದರಿಕೊಂಡೇ ಇರಬೇಕಾಗಿತ್ತು. ಬೇಕಾದ ಕಡೆ ಮಾತ್ರ ಬಣ್ಣ ಹುಟ್ಟುವಂತೆ ಮಾಡಲು ಬರುತ್ತದೆಯೇ ಎಂಬುದೇ ಮುಂದಿನ ಪ್ರಶ್ನೆಯಾಯಿತು. ಅದಕ್ಕೆ ಉತ್ತರ ಹುಡುಕುವ ಮೊದಲು ಬಣ್ಣ ಬೇಕಾಗಿರುವ ಆ ಜಾಗವನ್ನು ನೋಡಿಕೊಂಡು ಬರೋಣ.

ಸೋರೆಬುರುಡೆಯ ಕತ್ತು

ಗರ್ಭಕೋಶವನ್ನು ಬಾಯಿ ಕೆಳಗಾಗಿ ತೂಗುಹಾಕಿದ ಒಂದು ಪುಟ್ಟ ಸೋರೆಬುರುಡೆ ಎಂದುಕೊಳ್ಳಿ. ಅದರ ಕಿರಿದಾದ ಕತ್ತೇ ಗರ್ಭಕೊರಳು. ಕತ್ತಿನ ಹೊರಮೈಗೆ ಪದರ ಪದರವಾಗಿ ಚಪ್ಪಟೆ ಕೋಶಗಳ ಹೊದಿಕೆಯಿದೆ, ದೋಸೆ ಒಂದರ ಮೇಲೊಂದು ಒಟ್ಟಿದ ಹಾಗೆ. ಒಳಗಿನ ಕಾಲುವೆಗೆ ಲೋಳೆ ಸುರಿಸುವ ಕೋಶಗಳ ಒಂದೇ ಸಾಲು. ಎರಡೂ ಸಂಧಿಸುವಲ್ಲಿ ಒಂದು ಗಡಿಪಟ್ಟಿಯಿದೆ. ಹುಡುಗಿ ಮೈನೆರೆದಾಗಿನಿಂದ ಈ ಗಡಿಯಲ್ಲಿ ಒಂದು ಬಗೆಯ ಕೋಶ ಇನ್ನೊಂದು ಬಗೆಯಾಗಿ ಮಾರ್ಪಡುತ್ತಲೇ ಇರುತ್ತದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಬೇರೂರುವುದು ಹೆಚ್ಚಾಗಿ ಇಲ್ಲಿಯೇ. ಗರ್ಭಕೊರಳಿನ ಕ್ಯಾನ್ಸರ್‌ಗೆ ಈ ವೈರಸ್ಸೇ ಕಾರಣವೆಂದು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರ ನೊಬೆಲ್ ಬಂತು. ಈ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70 ಬರುವುದು 16 ಮತ್ತು 18ನೇ ನಂಬರಿನ ತಳಿಗಳಿಂದ.

ಹೊದಿಕೆಯ ತಳದ ಪದರವನ್ನು ಒಟ್ಟಲುಪಾತಿ ಎನ್ನಬಹುದು. ಹೊಸ ಕೋಶಗಳು ಹುಟ್ಟುವುದು ಅಲ್ಲಿ. ಮೇಲೇರುತ್ತ ಚಪ್ಪಟೆಯಾಗಿ, ಮೇಲ್ಮೈ ಮುಟ್ಟಿ ಉದುರುತ್ತವೆ. ವೈರಸ್ ಹೊಕ್ಕ ಕೋಶ ಮೇಲೇರಿದರೂ ಬಲಿಯುವುದಿಲ್ಲ, ಎಳೆಯದಾಗಿಯೇ ಉಳಿದು ಒಡೆಯುತ್ತ ಹೋಗುತ್ತದೆ. ಇಂಥ ಎಳೆ ಕೋಶಗಳು ಹೊದಿಕೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿದ್ದರೆ ಡಾಕ್ಟರರು ‘ಸಿಐಎನ್ 1’ ಎಂದು ಬರೆಯುತ್ತಾರೆ. ಮೂರನೇ ಎರಡು ಭಾಗದವರೆಗೆ ಬಂದಿದ್ದರೆ 2, ಅದನ್ನೂ ದಾಟಿ ಮೇಲ್ಮೈವರೆಗೆ ತುಂಬಿಕೊಂಡಿದ್ದರೆ 3. ಯಾವುದೂ ಇನ್ನೂ ಕ್ಯಾನ್ಸರ್ ಅಲ್ಲ. ಪಾತಿಯ ತಳವನ್ನು ಸೀಳಿಕೊಂಡು ಕೆಳಗಿನ ಮಣ್ಣಿಗೆ ಇಳಿದಾಗ ಮಾತ್ರ ಆ ಹೆಸರು.

ಆ ಇಳಿತಕ್ಕೆ ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಮೊದಲ ಹಂತದವು ಬಹುಪಾಲು ತಾವಾಗಿಯೇ ಮಾಯವಾಗುತ್ತವೆ. ಎರಡನೆಯ ಹಂತದಲ್ಲೂ ಅರ್ಧದಷ್ಟು ಹಿಂದೆ ಸರಿಯುತ್ತವೆ. ಮೂರನೆಯದನ್ನು ನಂಬುವ ಹಾಗಿಲ್ಲ. ನ್ಯೂಜಿಲೆಂಡಿನಲ್ಲಿ ಹಿಂದೆ ಸರಿಯಾದ ಚಿಕಿತ್ಸೆ ಕೊಡದೆ ಬಿಟ್ಟ ಹೆಂಗಸರ ದಾಖಲೆಗಳನ್ನು ಆಮೇಲೆ ತೆಗೆದು ನೋಡಿದಾಗ 30 ವರ್ಷದಲ್ಲಿ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಬಂದದ್ದು ಗೊತ್ತಾಯಿತು. ಹಾಗೆ ಕಾದು ನೋಡಿದ್ದು ತಪ್ಪೆಂದು ಅಲ್ಲಿನ ತನಿಖೆ 1988ರಲ್ಲಿ ಹೇಳಿತು.

ಚೀಲದ ಬಾಯಿದಾರ

ಇಂದು ಇಂಥ ಕೋಶಗಳನ್ನು ತಣ್ಣಗೆ ಹೆಪ್ಪುಗಟ್ಟಿಸಿ ಕೊಲ್ಲುತ್ತಾರೆ, ಬಿಸಿ ತಾಗಿಸಿ ಸುಡುತ್ತಾರೆ, ಇಲ್ಲವೆ ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುತ್ತಾರೆ. ಕೊನೆಯದಕ್ಕೆ ಆಸ್ಪತ್ರೆಯ ಮಾತಿನಲ್ಲಿ ‘ಲೀಪ್’ ಎನ್ನುತ್ತಾರೆ. ಎಲ್ಲವೂ ಚೆನ್ನಾಗಿ ಕೆಲಸ ಮಾಡುವ, ಜೀವ ಉಳಿಸಿರುವ ವಿಧಾನಗಳೇ.

ಕೆತ್ತುವುದರಲ್ಲಿ ಒಂದು ಚಿಂತೆಯಿದೆ. ಗರ್ಭಕೊರಳು ಅಕ್ಕಿ ಚೀಲದ ಬಾಯಿಗೆ ಕಟ್ಟಿದ ದಾರದ ಹಾಗೆ. ಒಂಬತ್ತು ತಿಂಗಳು ಮಗುವಿನ ಭಾರ ತಡೆದು, ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಕೆತ್ತಿದಷ್ಟೂ ದಾರ ಸಡಿಲ. ಮುಂದಿನ ಬಸಿರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚುತ್ತದೆ, ಆಳವಾಗಿ ಕೆತ್ತಿದಷ್ಟು ಇನ್ನೂ ಹೆಚ್ಚು. ಈ ಕೋಶಗಳು ಕಾಣಿಸಿಕೊಳ್ಳುವುದೋ, ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ. ಕೆಟ್ಟ ಹೊದಿಕೆಯ ದಪ್ಪ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅಷ್ಟು ತೆಳು ಪೊರೆಗಾಗಿ ಕೊರಳನ್ನೇ ಕೆತ್ತಬೇಕೇ ಎಂಬ ಪ್ರಶ್ನೆ ಸಹಜ.

ಅಕ್ಕಸಾಲಿಗನ ಅಂಗಡಿ

ಬೇಕಾದ ಕಡೆ ಮಾತ್ರ ಬಣ್ಣ ಹುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೋಶಗಳಲ್ಲೇ ಇತ್ತು. ರಕ್ತದ ಕೆಂಪಿಗೆ ಕಾರಣವಾದ ಹೀಮ್ ಎಂಬ ವಸ್ತುವೂ ಒಂದು ಉಂಗುರವೇ, ಪತ್ರಹರಿತ್ತಿನ ದಾಯಾದಿ. ಇದರ ನಡುವಿನ ಹರಳು ಕಬ್ಬಿಣ. ಹೀಮ್ ರಕ್ತಕಣಗಳಿಗೆ ಮಾತ್ರವಲ್ಲ, ಹೆಚ್ಚುಕಡಿಮೆ ಎಲ್ಲ ಕೋಶಗಳಿಗೂ ಸ್ವಲ್ಪ ಸ್ವಲ್ಪ ಬೇಕು. ಹಾಗಾಗಿ ಕೋಶ ಕೋಶದಲ್ಲೂ ಒಂದು ಅಕ್ಕಸಾಲಿಗನ ಅಂಗಡಿ ನಡೆಯುತ್ತದೆ.

ಅಂಗಡಿಯ ಕಚ್ಚಾಮಾಲಿಗೆ ಎಎಲ್‌ಎ ಎನ್ನುತ್ತಾರೆ. ಅದರಿಂದ ಹಂತ ಹಂತವಾಗಿ ಉಂಗುರ ತಯಾರಾಗುತ್ತದೆ. ಕೊನೆಯಲ್ಲಿ ಒಬ್ಬ ಕೆಲಸಗಾರ ಕಬ್ಬಿಣದ ಹರಳು ಕೂರಿಸುತ್ತಾನೆ. ಅಂಗಡಿಯ ಬಾಗಿಲಲ್ಲಿ ಒಬ್ಬ ಲೆಕ್ಕಿಗ ಕೂತಿದ್ದಾನೆ. ಒಳಗೆ ಹೀಮ್ ಸಾಕಷ್ಟಿದ್ದರೆ ಅವನು ಕಚ್ಚಾಮಾಲನ್ನೇ ನಿಲ್ಲಿಸಿಬಿಡುತ್ತಾನೆ. ಆದ್ದರಿಂದ ಮಾಮೂಲಿ ದಿನಗಳಲ್ಲಿ ಹರಳಿಲ್ಲದ ಉಂಗುರಗಳು ರಾಶಿ ಬೀಳುವುದೇ ಇಲ್ಲ.

ಲೆಕ್ಕಿಗನ ಕಣ್ಣು ತಪ್ಪಿಸಿ ಕಚ್ಚಾಮಾಲನ್ನು ಹಿತ್ತಿಲ ಬಾಗಿಲಿನಿಂದ ಸುರಿದರೆ? ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಜೇಮ್ಸ್ ಕೆನಡಿ ಮತ್ತು ರಾಯ್ ಪಾಟಿಯರ್ ತಂಡ ಮಾಡಿದ್ದು ಅದನ್ನೇ. ಎಎಲ್‌ಎಯನ್ನು ಮುಲಾಮಾಗಿ ಚರ್ಮಕ್ಕೆ ಹಚ್ಚಿ ಕಂಡ ಫಲವನ್ನು ಅವರು 1990ರಲ್ಲಿ ಪ್ರಕಟಿಸಿದರು. ಉಂಗುರಗಳು ದಡದಡನೆ ತಯಾರಾಗುತ್ತವೆ, ಹರಳು ಕೂರಿಸುವವನು ಹಿಂದೆ ಬೀಳುತ್ತಾನೆ. ಕೆಟ್ಟ ಕೋಶಗಳಲ್ಲಿ ಈ ಅಸಮತೋಲನ ಇನ್ನೂ ಜೋರು: ಒಡೆಯುವ ಅವಸರದಲ್ಲಿರುವ ಕೋಶಕ್ಕೆ ಉಂಗುರ ಮಾಡುವ ಚುರುಕು ಹೆಚ್ಚು, ಹರಳು ಕೂರಿಸುವ ಕೈ ನಿಧಾನ. ಕೆಲವು ಗಂಟೆಗಳಲ್ಲಿ ಕೆಟ್ಟ ಕೋಶ ಹರಳಿಲ್ಲದ ಉಂಗುರಗಳಿಂದ ತುಂಬಿಹೋಗುತ್ತದೆ, ಪಕ್ಕದ ಒಳ್ಳೆಯ ಕೋಶದಲ್ಲಿ ಅಷ್ಟಿರುವುದಿಲ್ಲ.

ಈ ಉಂಗುರದ ಹೆಸರು ಪ್ರೊಟೊಪಾರ್ಫಿರಿನ್. ಕಬ್ಬಿಣ ಕೂತಾಗ ಅದು ಹೀರಿದ ಬೆಳಕನ್ನು ತಕ್ಷಣ ಬಿಸಿಯಾಗಿ ಕಳೆದುಕೊಳ್ಳುತ್ತದೆ, ಯಾರಿಗೂ ತೊಂದರೆಯಿಲ್ಲ. ಹರಳಿಲ್ಲದಿದ್ದರೆ ಹೀರಿದ ಶಕ್ತಿ ಕೆಲಹೊತ್ತು ಅಲ್ಲೇ ಉಳಿದು, ಆಮ್ಲಜನಕ ಸಿಕ್ಕಿದೊಡನೆ ಅದಕ್ಕೆ ದಾಟುತ್ತದೆ. ಹೀಗೆ ಕೆರಳಿದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಕ್ಸಿಜನ್ ಎಂಬ ಹೆಸರಿದೆ. ಕೋಶದೊಳಗೆ ಅದರ ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಅಷ್ಟರಲ್ಲಿ ಅದು ಹೋಗಬಲ್ಲ ದೂರ ಕೋಶದ ಅಗಲದ ಒಂದು ಸಣ್ಣ ಪಾಲಷ್ಟೇ. ಹುಟ್ಟಿದ ಕೋಶದಲ್ಲೇ ಪೊರೆಗಳನ್ನು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನು ಸುಟ್ಟು ಅಲ್ಲೇ ಆರಿಹೋಗುತ್ತದೆ. ಪಾತಿಯ ಕೆಳಗೆ ಕೊರಳಿಗೆ ಬಿಗಿ ಕೊಡುವ ಕೊಲ್ಯಾಜೆನ್ ನಾರುಗಳಿವೆ. ಅವಕ್ಕೆ ಹೆಚ್ಚು ಪೆಟ್ಟು ಬೀಳುವುದಿಲ್ಲ. ಗದ್ದೆಯ ಕಳೆ ಹೋಯಿತು, ಬದು ಉಳಿಯಿತು.

ಕೆಂಪೇ ಏಕೆ?

ರಾತ್ರಿ ಕರೆಂಟು ಹೋದಾಗ ಮೊಬೈಲ್ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಡಿ. ಟಾರ್ಚಿನ ಬೆಳಕು ಬಿಳಿ, ಬೆರಳು ಹೊಳೆಯುವುದು ಕೆಂಪಗೆ. ಬಿಳಿಯಲ್ಲಿದ್ದ ನೀಲಿ ಮತ್ತು ಹಸಿರನ್ನು ರಕ್ತದ ಹೀಮ್ ಹೀರಿಕೊಂಡಿತು. ಕೆಂಪು ಮಾತ್ರ ಪಾರಾಗಿ ಬಂತು.

ಪ್ರೊಟೊಪಾರ್ಫಿರಿನ್‌ಗೆ ಬಹಳ ಇಷ್ಟವಾದದ್ದು ನೀಲಿಯಂಚಿನ ನೇರಳೆ ಬೆಳಕು. ಅದನ್ನು ಹಾಯಿಸಿದರೆ ಉಂಗುರ ತುಂಬಿದ ಜಾಗ ಕತ್ತಲಲ್ಲಿ ಕೆಂಡದ ಹಾಗೆ ಕೆಂಪಗೆ ಹೊಳೆದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಮೂತ್ರಕೋಶದಲ್ಲಿ ಅಡಗಿದ ಗೆಡ್ಡೆಗಳನ್ನು ಹುಡುಕಲು ವೈದ್ಯರು ಈ ಹೊಳಪನ್ನು ಬಳಸುತ್ತಾರೆ. ಆದರೆ ನೀಲಿ ಆಳಕ್ಕಿಳಿಯುವುದಿಲ್ಲ. ಗರ್ಭಕೊರಳಿನ ಹೊದಿಕೆ ತೆಳುವಾದರೂ ಕೆಟ್ಟ ಕೋಶಗಳು ಲೋಳೆಗ್ರಂಥಿಗಳ ಗುಂಡಿಗಳೊಳಗೆ ಕೆಲವು ಮಿಲಿಮೀಟರ್ ಕೆಳಗಿನವರೆಗೆ ಇಳಿದು ಕೂತಿರಬಹುದು. ಅಲ್ಲಿಗೆ ತಲುಪುವುದು ಕೆಂಪು ಬೆಳಕು. ಉಂಗುರ ಅದನ್ನು ಕಡಿಮೆ ಹೀರುತ್ತದೆ ನಿಜ, ಆದರೆ ಕೆಲಸಕ್ಕೆ ಅಷ್ಟು ಸಾಕು. ಆದ್ದರಿಂದ ಹುಡುಕಲು ನೀಲಿ, ಕೊಲ್ಲಲು ಸುಮಾರು 630 ನ್ಯಾನೊಮೀಟರಿನ ಕೆಂಪು.

ಬಾವಿಯ ಸೆಲೆ

ಬೆಳಕು ಜಾಸ್ತಿಯಾದಷ್ಟೂ ಒಳ್ಳೆಯದಲ್ಲವೇ? ಬೇಸಿಗೆಯ ಬಾವಿಯಿಂದ ಗಡಗಡನೆ ನೀರು ಸೇದಿದವರಿಗೆ ಉತ್ತರ ಗೊತ್ತು. ನಾಲ್ಕು ಕೊಡಕ್ಕೆ ತಳ ಕಾಣುತ್ತದೆ, ಸೆಲೆಯಿಂದ ನೀರೂರಲು ಬಿಡಬೇಕು. ಬೆಳಕು ಪ್ರಖರವಾದರೆ ಅಂಗಾಂಶದ ಆಮ್ಲಜನಕವೆಲ್ಲ ಬೇಗ ತೀರಿ, ರಕ್ತ ಹೊಸದನ್ನು ತಂದುಕೊಡುವವರೆಗೆ ಬೆಳಕು ದಂಡವಾಗುತ್ತದೆ. ಮಂದ ಬೆಳಕನ್ನು ಬಹಳ ಹೊತ್ತು ಕೊಟ್ಟರೆ ಆಮ್ಲಜನಕ ಊರುತ್ತಲೇ ಇರುತ್ತದೆ.

ನಾರ್ವೆಯ ಫೋಟೊಕ್ಯೂರ್ ಕಂಪನಿ ‘ಸೆವಿರಾ’ ಎಂಬ ಹೆಸರಿನಲ್ಲಿ ಬೆಳೆಸಿದ ಸಾಧನದ ಹಿಂದೆ ಈ ಲೆಕ್ಕವಿದೆ. ಅದು ಬ್ಯಾಟರಿ ಮತ್ತು ಎಲ್‌ಇಡಿ ದೀಪಗಳಿರುವ ಒಂದು ಪುಟ್ಟ ಬಟ್ಟಲು. ಎಎಲ್‌ಎಗಿಂತ ಸುಲಭವಾಗಿ ಕೋಶದೊಳಗೆ ನುಸುಳುವ ಅದರದೇ ಒಂದು ರೂಪವನ್ನು ಮುಲಾಮಾಗಿ ಬಟ್ಟಲಿಗೆ ತುಂಬಿ, ವೈದ್ಯರು ಗರ್ಭಕೊರಳಿಗೆ ಕೂರಿಸುತ್ತಾರೆ. ಅರಿವಳಿಕೆಯಿಲ್ಲ, ಕತ್ತರಿಯಿಲ್ಲ. ಹೆಂಗಸು ಎದ್ದು ಮನೆಗೆ ಹೋಗಬಹುದು. ಉಂಗುರಗಳು ತುಂಬಿಕೊಳ್ಳಲು ಹೊತ್ತು ಕೊಟ್ಟು, ಆಮೇಲೆ ದೀಪ ತಾನೇ ಹೊತ್ತಿಕೊಂಡು ಸುಮಾರು ನಾಲ್ಕೂವರೆ ಗಂಟೆ ಉರಿದು ಆರುತ್ತದೆ. ಬಟ್ಟಲನ್ನು ಆಕೆಯೇ ತೆಗೆದು ಬಿಸಾಡಬಹುದು. ಬಣ್ಣ ಹುಟ್ಟುವುದು ಮುಲಾಮು ತಗುಲಿದ ಜಾಗದಲ್ಲಿ ಮಾತ್ರ. ಮೇಯರ್-ಬೆಟ್ಜ್‌ನ ಹಾಗೆ ಮುಖ ಮುಚ್ಚಿಕೊಂಡು ತಿರುಗಬೇಕಿಲ್ಲ.

ಎಷ್ಟು ನಂಬಬಹುದು?

ಈ ಸಾಧನವನ್ನು ಆಮೇಲೆ ಚೀನಾದ ಏಸಿಯೆರಿಸ್ ಕಂಪನಿ 402 ಹೆಂಗಸರಲ್ಲಿ ಪರೀಕ್ಷಿಸಿತು. ಕೆಲವರಿಗೆ ನಿಜವಾದ ಮದ್ದು, ಉಳಿದವರಿಗೆ ಬರಿಯ ಸೋಗಿನ ಮದ್ದು. ಆರು ತಿಂಗಳ ನಂತರ ನೋಡಿದರೆ ನಿಜವಾದ ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 41 ಮಂದಿಗೆ ಫಲ ಸಿಕ್ಕಿತ್ತು. ಸೋಗಿನ ಮದ್ದು ಪಡೆದವರಲ್ಲೂ ಸುಮಾರು 22 ಮಂದಿಗೆ ಗುಣ ಕಂಡಿತ್ತು.

ಈ 22 ಎಂಬ ಅಂಕಿಯನ್ನು ಮರೆಯಬಾರದು. ಅದು ಮೈಯ ಸ್ವಂತ ರಕ್ಷಣಾಪಡೆಯ ಸಂಪಾದನೆ. ಅದರ ಮೇಲೆ ಸೇರಿದ್ದಷ್ಟೇ ಬೆಳಕಿನ ಪಾಲು. ಸೋಗಿನ ಮದ್ದಿನ ಜೊತೆ ತೂಗದೆ ‘ಇಷ್ಟು ಜನಕ್ಕೆ ವಾಸಿಯಾಯಿತು’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಕೇಳಬೇಕು. ಕುಣಿಕೆಯಿಂದ ಕೆತ್ತಿದರೆ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ವಾಸಿಯಾಗುತ್ತದೆ. ಹಾಗಾಗಿ ಬೆಳಕು ಕುಣಿಕೆಯ ಜಾಗಕ್ಕೆ ಬಂದು ಕೂತಿಲ್ಲ. ಇನ್ನೂ ಮಕ್ಕಳಾಗಬೇಕಾದವರು ಕುಣಿಕೆಗೆ ಮೊದಲು ಇಡಬಹುದಾದ ಒಂದು ಹೆಜ್ಜೆಯಾಗಬಹುದು ಎಂಬುದು ಆಸೆ.

ಮಿತಿಗಳು ಬೇರೆಯೂ ಇವೆ. ಕೆತ್ತಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿ, ಎಲ್ಲೂ ಕ್ಯಾನ್ಸರ್ ಅಡಗಿಲ್ಲವೆಂದು ಖಚಿತ ಮಾಡಿಕೊಳ್ಳಬಹುದು. ಬೆಳಕು ಕೊಂದ ಕೋಶಗಳು ಉದುರಿಹೋಗುತ್ತವೆ, ನೋಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲೇ ಚೂರು ತೆಗೆದು ಪರೀಕ್ಷಿಸಿರಬೇಕು, ಆಮೇಲೂ ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಬೇಕು. ಕಾಲುವೆಯೊಳಗೆ ಕಣ್ಣಿಗೆ ಕಾಣದಂತೆ ಹಬ್ಬಿದ್ದರೆ ಬೆಳಕು ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ತಳ ಸೀಳಿದ ಕ್ಯಾನ್ಸರ್‌ಗಂತೂ ಇದು ಮದ್ದಲ್ಲ.

ಭಾರತದಲ್ಲಿ ಪ್ರತಿವರ್ಷ ಸುಮಾರು 1.2 ಲಕ್ಷ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಅಡುಗೆಮನೆಯ ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿ ಬಳಿದು, ಬೆಳ್ಳಗಾಗುವ ಮಚ್ಚೆಗಳನ್ನು ನೋಡುವ ಅಗ್ಗದ ಪರೀಕ್ಷೆಯಿಂದ ಸಾವು ಕಡಿಮೆಯಾಗುತ್ತದೆಂದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ತಂಡ ಸುಮಾರು ಒಂದೂವರೆ ಲಕ್ಷ ಹೆಂಗಸರ ಅಧ್ಯಯನದಲ್ಲಿ ತೋರಿಸಿದೆ. ಹುಡುಗಿಯರಿಗೆ ಎಚ್‌ಪಿವಿ ಲಸಿಕೆಯೂ ಇದೆ. ಕೆಟ್ಟ ಕೋಶ ಇದೆಯೆಂದು ಗೊತ್ತಾಗದೆ ಯಾವ ದೀಪವನ್ನು ಎಲ್ಲಿಡುವುದು?

ಮಾಸುವ ಬಣ್ಣ

ಕೊನೆಗೊಂದು ಸಂಗತಿ. ಬೆಳಕು ಹಾಯಿಸುತ್ತ ಹೋದಂತೆ ಆ ಕೆಂಡದಂಥ ಹೊಳಪು ಮಂಕಾಗುತ್ತ ಬರುತ್ತದೆ. ಕೆರಳಿದ ಆಮ್ಲಜನಕ ಕೋಶವನ್ನಷ್ಟೇ ಅಲ್ಲ, ತನ್ನನ್ನು ಹುಟ್ಟಿಸಿದ ಉಂಗುರವನ್ನೂ ಸುಡುತ್ತದೆ. ಬಣ್ಣದ ಸೀರೆಯನ್ನು ದಿನಾ ಬಿಸಿಲಿಗೆ ಹರವಿದರೆ ಮಾಸುವುದಕ್ಕೂ ಇಂಥದೇ ಜಗಳ ಒಂದು ಕಾರಣ. ಹೊಳಪು ಎಷ್ಟು ಮಾಸಿತು ಎಂಬುದನ್ನು ನೋಡಿ ಕೆಲಸ ಎಷ್ಟಾಯಿತು ಎಂದು ಅಂದಾಜು ಮಾಡಬಹುದು. ಬಣ್ಣ ಮುಗಿದ ಮೇಲೆ ಬೆಳಕು ಎಷ್ಟು ಬಿದ್ದರೂ ಅದು ಬರೀ ಬೆಳಕು.

ಕಾಡಂಚಿನ ಆ ಮನೆಯಲ್ಲೂ ಕಾಯುವುದು ಇದಕ್ಕೇ. ಹಸುವಿನ ಯಕೃತ್ತು ಚೇತರಿಸಿಕೊಂಡು ಉಂಗುರಗಳನ್ನು ಹೊರಹಾಕುವವರೆಗೆ ಅದು ಕೊಟ್ಟಿಗೆಯ ನೆರಳಲ್ಲಿ ಮೆಲುಕು ಹಾಕುತ್ತಿರಬೇಕು. ಆಮೇಲೊಂದು ದಿನ ಹಗ್ಗ ಬಿಚ್ಚಿ ಹೊಲಕ್ಕೆ ಬಿಡುತ್ತಾರೆ. ಹಸುವಿನ ಬೆನ್ನ ಮೇಲೆ ಬೀಳುವುದು ಮೊದಲಿನ ಅದೇ ಬಿಸಿಲು.